ಘಾಟು ಬಾರದ ಮೆಣಸಿನಕಾಯಿ

ಸಹನಾ, ಪ್ರಜ್ವಲ, ನಿಮ್ಮ ಮುತ್ತಜ್ಜಿಯನ್ನು, ಅಂದರೆ ನನ್ನ ಅತ್ತೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬೆನ್ನು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಕಣ್ಣಿನ ಹಿಂದಿನ ಪರದೆ ಕಳಚಿದೆಯೆಂದು ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ, ಒಳಗೆ ಗಾಳಿಯ ಗುಳ್ಳೆ ಬಿಟ್ಟು, ಹದಿನೈದು ದಿನ ಮುಖ ಕೆಳಗೆ ಮಾಡಿಯೇ ಇರಬೇಕೆಂದು ಕಳಿಸಿದ್ದರು. ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಅವರು ಎರಡು ದಿಂಬುಗಳ ನಡುವೆ ಮುಖವಿಟ್ಟು ಬೋರಲು ಮಲಗಿರುತ್ತಿದ್ದರು. ಮಾತು ನೆಲದೊಳಗಿಂದ ಬಂದಂತೆ ಕೇಳುತ್ತಿತ್ತು.

ಪೇಟೆಯಲ್ಲಿ ಮೆಣಸಿನಕಾಯಿ ಆರಿಸಿ ಸವೆದ ಕಣ್ಣುಗಳವು. ಬಣ್ಣ ನೋಡಿ ಕಾಯಿ ಯಾವ ಊರ ಹೊಲದ್ದೆಂದು ಹೇಳುತ್ತಿದ್ದರು. ಈಗ ಬಂದವರ ಪಾದ ನೋಡಿ ಹೆಸರು ಹೇಳುತ್ತಿದ್ದರು. "ಹಿಮ್ಮಡಿ ಒಡದು ಬತ್ತಿದ ಕೆರಿ ಆಗ್ಯಾವಲ್ಲ, ಎಣ್ಣಿ ಹಚ್ಕೋವಾ," ಎಂದು ನನ್ನನ್ನು ಕಾಡುತ್ತಿದ್ದರು.

ಒಂಬತ್ತನೆಯ ದಿನ ನಾನು ಗಂಜಿ ತಂದಾಗ ಕೇಳಿದರು: "ನಿನ್ನ ಬಾಜೂಕ ನಿಂತಾಕಿ ಯಾರವಾ? ಕರೀ ಸೀರಿ ಅಂಚು ಕಾಣತೇತಿ. ಕಾಲಽ ಇಲ್ಲ."

ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮರುದಿನ ಮಾವನವರಿಗೂ ಹೇಳಿದರು: "ನಿನ್ನಿ ಮೂಲ್ಯಾಗ ಇದ್ಲರಿ. ಇವತ್ತ ಸನೇಕ ಸರದಾಳ. ಆಕಿ ಸೀರಿ ಈ ಕಣ್ಣ ಮ್ಯಾಲ ಬರಾಕತ್ತೇತಿ."

"ದೃಷ್ಟಿ ಆಗೇತಿ. ಮೆಣಸಿನಕಾಯಿ ನಿವಾಳಸ್ರಿ," ಎಂದರು ಮಾವ.

ದವಾಖಾನೆಯಿಂದ ಹೊರಡುವಾಗ ನರ್ಸಬಾಯಿ ನನ್ನೊಬ್ಬಳಿಗೇ ಹೇಳಿದ್ದಳು: "ಕರೀ ಪರದೆ ಬಂದಂಗ ಕಂಡ್ರ ಅವತ್ತಽ ಕರಕೊಂಡು ಬರ್ರಿ." ಆದರೆ ಸೊಸೆಯರು ಮಾವನ ಎದುರು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ನಾನೋ, ಗಂಡನೊಂದಿಗೂ ಪಿಸುಮಾತಿನವಳು. ನಿಮ್ಮ ಅಜ್ಜ ಕಾಯಿಯ ಲಾರಿಯ ಜೊತೆ ಪರ ಊರಿಗೆ ಹೋಗಿದ್ದರು. ಅತ್ತೆಗೆ ಹೇಳಿದರೆ ಹೆದರಿಯಾರು ಎಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದವಳು ನಾನೇ. ಕಾಯಿ ಕರಕಾದವು, ಹೊಗೆ ಎದ್ದಿತು. ಘಾಟು ಬರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ, ಸೀನಲಿಲ್ಲ. "ನೋಡ್ರಿ, ಖರೇನಽ ದೃಷ್ಟಿ. ಹೋತು," ಎಂದು ಮಾವ ನಿಶ್ಚಿಂತರಾದರು. ನರ್ಸಬಾಯಿಯನ್ನು ನಂಬುವುದಕ್ಕಿಂತ ಒಲೆಯನ್ನು ನಂಬುವುದು ನನಗೂ ಸುಲಭವಾಗಿತ್ತು. ಆದರೂ ಆ ಹೊಗೆಯಲ್ಲಿ ಯಾರೋ ಪಕ್ಕದಲ್ಲೇ ನಿಂತಂತಾಯಿತು. ತಿರುಗಿ ನೋಡಲಿಲ್ಲ.

ಮೂರು ದಿನಕ್ಕೆ ಆ ಕಣ್ಣು ಪೂರ್ತಿ ಕತ್ತಲಾಯಿತು. ಹುಬ್ಬಳ್ಳಿಗೆ ಓಡಿದೆವು. ಪರದೆ ಮತ್ತೆ ಕಳಚಿದೆ, ಇನ್ನು ಉಳಿಯದು ಎಂದರು ಡಾಕ್ಟರರು. "ಕಪ್ಪು ಕಂಡ್ರ ಬರ್ರಿ ಅಂತ ಹೇಳಿ ಕಳಿಸಿದ್ವಲ್ಲ? ಯಾರಿಗೆ ಹೇಳಿದ್ರು?"

ಮಾವ ನನ್ನತ್ತ ತಿರುಗಿದರು.

ಅತ್ತೆ ತಡಕಾಡಿ ನನ್ನ ಕೈ ಹಿಡಿದುಕೊಂಡರು. "ಈ ಹುಡುಗಿ ನನಗ ಹೇಳಿದ್ಲರಿ. ಮತ್ತ ದವಾಖಾನಿ ಬ್ಯಾಡ, ಸುಮ್ನಿರು ಅಂದಾಕಿ ನಾನಽ."

ನಾನು ಅವರಿಗೆ ಹೇಳಿಯೇ ಇರಲಿಲ್ಲ. ಆಮೇಲೆ ಹನ್ನೊಂದು ವರ್ಷ ಒಂದೇ ಕಣ್ಣಲ್ಲಿ ಬಾಳಿದರು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತೀರಿಕೊಂಡ ದಿನ ಕಿವಿಯ ಹತ್ತಿರ ಬಾಗಿದೆ; ಮನೆ ತುಂಬ ಜನ, ಬಾಯಿ ಬರಲಿಲ್ಲ.

ಅದಕ್ಕೇ ಬರೆದಿದ್ದೇನೆ. ಈ ಹಾಳೆಗಳನ್ನು ಕಳೆಯಬೇಡಿರಿ, ಮಕ್ಕಳೇ.