ಬ್ರೇಕ್ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಕೆಳಗೆ. ಮೊದಲನೆಯದು ಸವೆದದ್ದನ್ನು ಆ ಸ್ಕೂಲಿನಲ್ಲಿ ಯಾರೂ ಕಂಡವರಿಲ್ಲ. ಎರಡನೆಯದರ ರಬ್ಬರನ್ನು ಮಾತ್ರ ವರ್ಷಕ್ಕೆ ಎರಡು ಸಲ ಬದಲಾಯಿಸಬೇಕಾಗುತ್ತಿತ್ತು. ಅದನ್ನು ಸವೆಸಿದ ಮಹಾನುಭಾವರಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ವಯಸ್ಸು ಇಪ್ಪತ್ತೊಂಬತ್ತೇ, ಆದರೂ ಮೇಷ್ಟ್ರು ಎಂದಮೇಲೆ ಬಹುವಚನ ಕೊಡದೆ ವಿಧಿಯಿಲ್ಲ. ಕತೆ ಮುಗಿಯುವ ತನಕ ಆ ಮರ್ಯಾದೆ ಉಳಿದರೆ ಅವರ ಪುಣ್ಯ.

ಮೇಷ್ಟ್ರ ಬಲಗಾಲಿಗೆ ಅದರದ್ದೇ ಬುದ್ಧಿಯಿತ್ತು. ಸೋಫಾದಲ್ಲಿ ಕೂತು ಟೀವಿ ನೋಡುವಾಗ ಪರದೆಯ ಮೇಲಿನ ಕಾರು ತಿರುವಿಗೆ ಬಂದರೆ ಸಾಕು, ಕಾಲು ತಾನೇ ನೆಲವನ್ನು ಒತ್ತುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವರ ಹಿಮ್ಮಡಿಗೆ ಒದ್ದು ಬೈಸಿಕೊಂಡದ್ದೂ ಉಂಟು. ಲೋಕದ ಅಪಾಯವೆಲ್ಲ ಎಲ್ಲರಿಗಿಂತ ಮೊದಲು ತನ್ನ ಕಣ್ಣಿಗೇ ಬೀಳುತ್ತದೆ ಎಂದು ಮೇಷ್ಟ್ರು ನಂಬಿದ್ದರು. ಕಣ್ಣಿಗೆ ಬೀಳದೆ ಉಳಿದದ್ದು ಒಂದೇ, ಅದು ಅವರ ಮನೆಯೊಳಗೇ ಇತ್ತು.

ಹೆಂಡತಿಗೆ ತಿಂಗಳಾದಾಗಲೆಲ್ಲ ಮೇಷ್ಟ್ರ ವಯಸ್ಸು ಇಪ್ಪತ್ತೊಂಬತ್ತರಿಂದ ಹನ್ನೆರಡಕ್ಕೆ ಇಳಿದುಬಿಡುತ್ತಿತ್ತು. ಮುಟ್ಟು ಎಂಬ ಎರಡಕ್ಷರ ಅವರ ಬಾಯಿಂದ ಹೊರಟದ್ದೇ ಇಲ್ಲ. ಅದಕ್ಕೆ ಅವರಿಟ್ಟ ಹೆಸರು ‘ಕೆಂಪು ದೀಪ’. ಹೇಳುವುದು, ಹೇಳಿ ತಾವೇ ಕಿಸಕ್ಕನೆ ನಗುವುದು. ಆಕೆ ಪಾತ್ರೆಯನ್ನು ಸ್ವಲ್ಪ ಸದ್ದು ಮಾಡಿ ಇಟ್ಟರೆ ಕೆಂಪು ದೀಪ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಬೇಡಿ ಎಂದರೆ ಕೆಂಪು ದೀಪ. ಸಿಟ್ಟಿಗೆ ಬೇರೆ ಕಾರಣವೂ ಇರಬಹುದು, ಉದಾಹರಣೆಗೆ ಒದ್ದೆ ಟವೆಲು, ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ.

ಪ್ಯಾಡು ತರಲು ಔಷಧಿ ಅಂಗಡಿಗೆ ಕಳಿಸಿದರೆ ಅದೊಂದು ಬೇರೆಯೇ ಪ್ರಹಸನ. ಅಂಗಡಿ ಖಾಲಿಯಾಗುವವರೆಗೆ ಎದುರಿನ ಕಂಬಕ್ಕೆ ಒರಗಿ ನಿಲ್ಲುವುದು, ಮೆಲ್ಲಗೆ ಒಳಗೆ ಕಾಲಿಡುವುದು, ಅಷ್ಟರಲ್ಲಿ ಹಿಂದಿನಿಂದ ಯಾರಾದರೂ ಕೆಮ್ಮಿದರೆ ಗಾಬರಿಯಾಗಿ “ಒಂದು ಹಲ್ಲುಜ್ಜೋ ಬ್ರಷ್ಷು” ಎಂದುಬಿಡುವುದು. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಮೂವರು, ಬ್ರಷ್ಷು ಹದಿನಾಲ್ಕು.

ಮೂರನೆಯವರು ಮೇಷ್ಟ್ರ ತಾಯಿ. ಒಮ್ಮೆ ಊಟದ ಮೇಜಿನಲ್ಲಿ ಮಗ ಮತ್ತದೇ ದೀಪ ಹಚ್ಚಿದಾಗ ಆ ತಾಯಿ ತಟ್ಟೆಯಿಂದ ತಲೆಯೆತ್ತದೆ ಹೇಳಿದ್ದರು: “ಆ ದೀಪ ಒಂಬತ್ತು ತಿಂಗಳು ಆರಿದ್ದಕ್ಕೇ ಕಣೋ ನೀನು ಹುಟ್ಟಿದ್ದು. ಆರದೇ ಇದ್ದಿದ್ರೆ ನಾನೂ ಆರಾಮಾಗಿ ಇರ್ತಿದ್ದೆ.” ಹೆಂಡತಿಗೆ ನೆತ್ತಿಗೆ ಹತ್ತುವಷ್ಟು ನಗು ಬಂತು. ಮೇಷ್ಟ್ರು ನೀರಿನ ಲೋಟದಲ್ಲಿ ಮುಖ ಮುಚ್ಚಿಕೊಂಡರು. ಆದರೆ ಬುದ್ಧಿ ಕಲಿಯಲಿಲ್ಲ. ಅಮ್ಮ ಹೇಳಿದ ಕೂಡಲೇ ಬುದ್ಧಿ ಬರುವುದಾದರೆ ಲೋಕದಲ್ಲಿ ಹೆಂಡತಿಯರಿಗೆ ಕೆಲಸವೇ ಇರುತ್ತಿರಲಿಲ್ಲ.

ಹೆಂಡತಿ ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳ ಚಾದರ, ದವಾಖಾನೆಗಳ ಹೊದಿಕೆ, ಎಲ್ಲ ಮೂಟೆ ಮೂಟೆಯಾಗಿ ಅಲ್ಲಿಗೆ ಬರುತ್ತಿದ್ದವು. ಯಂತ್ರಕ್ಕೆ ಹಾಕುವ ಮೊದಲು ಕಲೆಯಾದ ಬಟ್ಟೆಗಳನ್ನು ಆರಿಸಿ ಕೈಯಲ್ಲಿ ತಿಕ್ಕುವುದು ಆಕೆಯ ಪಾಲು. ಎದೆಯ ಮೇಲಿನ ಬಿಲ್ಲೆಯಲ್ಲಿ ‘ಕಲೆ ವಿಭಾಗ’ ಎಂದು ಬರೆದಿರುತ್ತಿದ್ದುದರಿಂದ, ನೀವು ಚಿತ್ರ ಬರೀತೀರಾ ಎಂದು ಬಸ್ಸಿನಲ್ಲಿ ಕೇಳಿದವರೂ ಇದ್ದರು. ಬರೆಯಲ್ಲ, ಅಳಿಸ್ತೀನಿ ಎನ್ನುತ್ತಿದ್ದಳು. ಕಾಫಿ, ಎಣ್ಣೆ, ಶಾಯಿ, ರಕ್ತ ಎಲ್ಲಕ್ಕೂ ಆಕೆಯ ಹತ್ತಿರ ಮದ್ದಿತ್ತು, ಯಾವುದರ ಮೇಲೂ ಅಸಹ್ಯವಿರಲಿಲ್ಲ.

ಆ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ ಹಿರಿಯ ಡ್ರೈವರಣ್ಣ ನಿವೃತ್ತರಾಗುವವರಿದ್ದರು. ಲೈಸೆನ್ಸ್ ತಂದರೆ ವ್ಯಾನು ನಿನ್ನದೇ ಎಂದು ಲಾಂಡ್ರಿಯ ಯಜಮಾನಿ ಆಕೆಗೆ ಮಾತು ಕೊಟ್ಟಿದ್ದರು. ಆರು ವರ್ಷ ಒದ್ದೆ ನೆಲದ ಮೇಲೆ ನಿಂತು ಪಾದ ಬೆಳ್ಳಗಾದವಳಿಗೆ ಕೂತು ಮಾಡುವ ಕೆಲಸ, ಕಿಟಕಿಯ ಗಾಳಿ, ಊರು ಸುತ್ತುವ ದಾರಿ. ಕಲಿಸಲು ಗಂಡನೇ ಇದ್ದರು. ಇನ್ನೇನು ಬೇಕು?

ಬೇಕಾಗಿದ್ದದ್ದು ಗಂಡನ ಕಾಲು ಸುಮ್ಮನಿರುವುದು.

ಪರೀಕ್ಷೆಯ ನಿಯಮ ಸರಳ. ಕಲಿತವರು ಓಡಿಸಬೇಕು, ಮೇಷ್ಟ್ರು ಪಕ್ಕದಲ್ಲಿ, ಪರೀಕ್ಷಾಧಿಕಾರಿ ಹಿಂದಿನ ಸೀಟಿನಲ್ಲಿ. ಹತ್ತಿದ ಕೂಡಲೇ ಅಧಿಕಾರಿ ಒಂದು ಗುಂಡಿ ಒತ್ತುತ್ತಾರೆ. ಆಮೇಲೆ ಮೇಷ್ಟ್ರ ಬ್ರೇಕಿಗೆ ಕಾಲು ತಾಗಿದರೆ ಗಂಟೆ ಬಡಿಯುತ್ತದೆ, ಬಡಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮೊದಲ ಪರೀಕ್ಷೆಯ ದಿನ ಆಕೆ ಎಂಟರ ಆಕಾರದಲ್ಲಿ ಓಡಿಸಿ ತೋರಿಸಿದಳು, ದಿಬ್ಬದ ಮೇಲೆ ನಿಲ್ಲಿಸಿ ಒಂದು ಗೇಣೂ ಹಿಂದೆ ಜಾರದೆ ಹೊರಟಳು. ಕೊನೆಯ ತಿರುವಿನಲ್ಲಿ ದೂರದಲ್ಲೊಬ್ಬ ಮುದುಕ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದ. ಆತ ಯೋಚಿಸುತ್ತಿದ್ದಂತೆಯೇ ಮೇಷ್ಟ್ರ ಬಲಗಾಲು ತೀರ್ಮಾನ ಮಾಡಿಬಿಟ್ಟಿತು. ಗಂಟೆ ಕಾರೆಲ್ಲ ತುಂಬುವಂತೆ ಬಡಿಯಿತು.

ತಪ್ಪು ಯಾರದೆಂದು ಕಾರಿನಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಕೆಳಗಿಳಿದ ಮೇಷ್ಟ್ರು ಅಧಿಕಾರಿಯ ಪಕ್ಕಕ್ಕೆ ಸರಿದು, ಕಣ್ಣು ಮಿಟುಕಿಸಿ, “ಮನೆಯವಳಿಗೆ ಇವತ್ತು ಕೆಂಪು ದೀಪ ಸಾರ್, ಅದಕ್ಕೇ ಸ್ವಲ್ಪ ಹಂಗೆ” ಎಂದುಬಿಟ್ಟರು. ಅಧಿಕಾರಿ ನಗಲಿಲ್ಲ. ಕಾರಿನ ಕಿಟಕಿ ತೆರೆದೇ ಇತ್ತು.

ಆಕೆ ಜಗಳವಾಡಲಿಲ್ಲ. ರಕ್ತದ ಕಲೆಗೆ ಬಿಸಿನೀರು ಹಾಕಬಾರದು, ಹಾಕಿದರೆ ಕಲೆ ಕೂತುಬಿಡುತ್ತದೆ, ತಣ್ಣೀರೇ ಆಗಬೇಕು ಎಂಬುದು ಆಕೆಯ ಕಸುಬಿನ ಮೊದಲ ಪಾಠ. ಗಂಡನಿಗೂ ತಣ್ಣೀರನ್ನೇ ಹಾಕಿದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮೇಲೊಂದು ಮಾತಿಲ್ಲ. ಒದ್ದೆ ಟವೆಲು ಹಾಸಿಗೆಯ ಮೇಲೆ ಬಿದ್ದಿದ್ದರೂ ಮಾತಿಲ್ಲ. ನಾಲ್ಕನೆಯ ದಿನ ಮೇಷ್ಟ್ರು ತಾವೇ ಟವೆಲು ಹಿಂಡಿ ಒಣಹಾಕಿ ಬಂದು ಬಾಗಿಲ ಹತ್ತಿರ ನಿಂತರು. ತಮಾಷೆಗೆ ಹೇಳಿದ್ದು, ಮನಸ್ಸಿಗೆ ಹಚ್ಕೋಬೇಡ ಎಂದರು.

“ತಮಾಷೆ ಅಲ್ಲ ರೀ,” ಎಂದಳು ಆಕೆ. “ಕಾಲು ನಿಮ್ಮದು, ತಪ್ಪು ನಿಮ್ಮದು. ಹೊರೆ ಮಾತ್ರ ನನ್ನ ಮೈ ಮೇಲೆ ಹಾಕಿದ್ರಿ.”

ಈ ಸಲ ಮೇಷ್ಟ್ರು ಕಿಸಕ್ಕನೆ ನಗಲಿಲ್ಲ. ಹನ್ನೆರಡರಿಂದ ಇಪ್ಪತ್ತೊಂಬತ್ತಕ್ಕೆ ಒಮ್ಮೆಲೇ ಏರುವಾಗ ಕಿವಿ ಬಿಸಿಯಾಗುತ್ತದೆ ಎಂಬುದು ಅವರಿಗೆ ಅಂದು ತಿಳಿಯಿತು.

ಇನ್ನೊಂದು ಪರೀಕ್ಷೆಗೆ ಎರಡು ತಿಂಗಳ ನಂತರದ ದಿನ ಸಿಕ್ಕಿತು. ಡ್ರೈವರಣ್ಣನನ್ನು ಅಲ್ಲಿಯವರೆಗೆ ತಡೆಯುತ್ತೇನೆ, ಆಮೇಲೆ ಹೊರಗಿನವರನ್ನು ತೆಗೆದುಕೊಳ್ಳುತ್ತೇನೆ ಎಂದು ಯಜಮಾನಿ ಖಡಾಖಂಡಿತವಾಗಿ ಹೇಳಿದರು. ಮೇಷ್ಟ್ರು ಬೇರೆ ಸ್ಕೂಲಿಗೆ ಹೋಗು ಎಂದರು. ಬೇಡ, ಕಲಿಯಬೇಕಾದವಳು ನಾನಲ್ಲ, ನೀವು ಎಂದಳು ಆಕೆ. ಅಭ್ಯಾಸದ ದಿನಗಳಲ್ಲೂ ಗಂಟೆಯ ಗುಂಡಿ ಒತ್ತಿಯೇ ಇರಬೇಕು ಎಂಬುದೊಂದೇ ಆಕೆಯ ಷರತ್ತು.

ಮೊದಲ ಸುತ್ತಿನಲ್ಲಿ ಗಂಟೆ ಹದಿನೆಂಟು ಸಲ ಬಡಿಯಿತು. ದಾರಿಯಲ್ಲಿ ಹೋಗುವವರು ತಿರುಗಿ ತಿರುಗಿ ನೋಡಿದರು. ಮೇಷ್ಟ್ರಿಗೆ ನಂಬಲಾಗಲಿಲ್ಲ. ನಿಂತ ಲಾರಿಗೂ ಕಾಲು, ಹಾರಿಹೋದ ಪಾರಿವಾಳಕ್ಕೂ ಕಾಲು. ಎರಡನೆಯ ದಿನ ಹದಿನೇಳು, ಮೂರನೆಯ ದಿನ ಮತ್ತೆ ಹದಿನೆಂಟು. ಆಕೆ ಲಾಂಡ್ರಿಯ ಚೀಟಿಯೊಂದರ ಹಿಂಬದಿಯಲ್ಲಿ ದಿನವೂ ಗೀಟು ಎಳೆಯುತ್ತಿದ್ದಳು, ತನ್ನ ತಪ್ಪಿಗೆ ಒಂದು ಕಡೆ, ಗಂಟೆಗೆ ಇನ್ನೊಂದು ಕಡೆ. ತಿಂಗಳಾದಮೇಲೆ ಆ ಚೀಟಿಯನ್ನು ಕಾರಿನ ಕನ್ನಡಿಗೆ ಸಿಕ್ಕಿಸಿದಳು.

“ಮುಟ್ಟಾದ ದಿನ ನನ್ನ ತಪ್ಪು ಎರಡು, ಆಗದ ದಿನಾನೂ ಎರಡು,” ಎಂದಳು. “ನೋಡಿ ಮೇಷ್ಟ್ರೇ, ನನಗಾದ್ರೆ ತಿಂಗಳಿಗೆ ನಾಲ್ಕು ದಿನ. ನಿಮಗೆ ಮೂವತ್ತು ದಿನಾನೂ.”

ಮೇಷ್ಟ್ರು ಚೀಟಿಯನ್ನು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು. ಅವರ ಪರವಾಗಿ ಒಂದು ಗೀಟೂ ಸಿಗಲಿಲ್ಲ. ಕೊನೆಗೆ ನಕ್ಕರು, ಆ ಒಂದು ತಿಂಗಳಲ್ಲಿ ಮೊದಲ ಸಲ ತಮ್ಮನ್ನು ನೋಡಿಯೇ ನಕ್ಕರು. ಆಕೆಯೂ ನಕ್ಕಳು. ತಣ್ಣೀರಿನ ಕೆಲಸ ಅರ್ಧ ಮುಗಿದಿತ್ತು.

ಕಾಲನ್ನು ಪಳಗಿಸುವುದು ನಗುವಷ್ಟು ಸುಲಭವಿರಲಿಲ್ಲ. ಮೇಷ್ಟ್ರು ಬೂಟು ಬಿಚ್ಚಿ ಕೂತು ನೋಡಿದರು. ಬಲಗಾಲನ್ನು ಎಡಗಾಲಿನಿಂದ ತುಳಿದು ಹಿಡಿದರು. ಹದಿನೆಂಟು ಹನ್ನೊಂದಾಯಿತು, ಹನ್ನೊಂದು ಆರಾಯಿತು. ಆರು ಮೂರಾಗಿ ಅಲ್ಲೇ ನಿಂತಿತು. ಪರೀಕ್ಷೆಯ ಹಿಂದಿನ ದಿನವೂ ಮೂರು. ಒಂದು ಬಡಿದರೂ ವ್ಯಾನು ಕೈತಪ್ಪುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಆಕೆ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ಕ್ಯಾಲೆಂಡರಿಗೆ ಕರುಣೆಯಿರಲಿಲ್ಲ. ಮೇಷ್ಟ್ರ ಬಾಯಿ ಅಭ್ಯಾಸಬಲದಿಂದ “ಕೆಂ…” ಎಂದು ಶುರುಮಾಡಿತು. ಅಲ್ಲಿಗೇ ನಿಂತಿತು. ಕಾಲಿಗಿಂತ ಮೊದಲು ನಾಲಗೆ ಪಳಗಿತ್ತು.

“ನೋವು ಜಾಸ್ತಿ ಇದೆಯಾ?” ಎಂದು ಕೇಳಿದರು.

ಎರಡು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು. ಆಕೆ ತಲೆಯೆತ್ತಿ ನೋಡಿದಳು. ಇದೆ, ಮಾತ್ರೆ ತಗೊಂಡಿದ್ದೀನಿ ಎಂದಳು. ದಿನ ಮುಂದಕ್ಕೆ ಹಾಕಿಸೋಣವೇ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ನೋವಿಟ್ಟುಕೊಂಡೇ ಕಲೆಯ ಮೇಜಿನ ಮುಂದೆ ಎಂಟು ಗಂಟೆ ನಿಲ್ಲುತ್ತೇನೆ, ಕೂತು ಓಡಿಸಲು ಆಗುವುದಿಲ್ಲವೇ ಎಂದು ಆಕೆ ಎದ್ದಳು. ಅತ್ತೆ ಬಾಗಿಲಲ್ಲಿ ನಿಂತು, ಸೊಸೆಗೆ ಹುಷಾರಾಗಿ ಹೋಗಿಬಾ ಎಂದರು. ಮಗನಿಗೆ, ನೀನು ಸುಮ್ಮನೆ ಹೋಗಿಬಾ ಎಂದರು.

ಹಿಂದಿನ ಸೀಟಿನಲ್ಲಿ ಅದೇ ಅಧಿಕಾರಿ. ಅವರು ಗುಂಡಿ ಒತ್ತಿದರು. ಆಕೆ ಕನ್ನಡಿ ಸರಿಮಾಡಿದಳು, ಸೀಟು ಒಂದಿಷ್ಟು ಮುಂದೆ ಎಳೆದುಕೊಂಡಳು, ಆಮೇಲೆ ಗಂಡನ ಕಡೆ ತಿರುಗಿ, ಅಧಿಕಾರಿಗೂ ಕೇಳುವಂತೆ ಹೇಳಿದಳು:

“ನನಗೆ ಇವತ್ತು ಮುಟ್ಟು. ಅದಕ್ಕೇ ಹೇಳ್ತಿದ್ದೀನಿ, ನೀವು ಏನೂ ಮುಟ್ಟಬೇಡಿ.”

ಅಧಿಕಾರಿ ಕಾಗದಗಳನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಮೇಷ್ಟ್ರು ಬೂಟು ಬಿಚ್ಚಿದರು, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ಬೆಲ್ಟು ಕಟ್ಟಿಕೊಂಡ ಮೇಲೆ ನೋಡಲು, ಅಂಚೆಯಲ್ಲಿ ಕಳಿಸಲು ಕಟ್ಟಿಟ್ಟ ಗಂಟಿನಂತಿದ್ದರು.

ಎಂಟರ ಆಕಾರ ಮುಗಿಯಿತು. ದಿಬ್ಬ ಮುಗಿಯಿತು. ಎರಡು ಕಂಬಗಳ ನಡುವೆ ಹಿಂದಕ್ಕೆ ಬಂದು ನಿಲ್ಲಿಸಿದ್ದೂ ಆಯಿತು. ಪೇಟೆಯ ಬೀದಿಗೆ ಬಂದಾಗ ಹಾಲಿನ ಸೈಕಲ್ಲಿನವನೊಬ್ಬ ಸಂದಿಯಿಂದ ನೇರ ಕಾರಿನ ಮುಂದಕ್ಕೆ ನುಗ್ಗಿದ. ಈ ಸಲ ಯೋಚಿಸುತ್ತ ನಿಂತ ಮುದುಕನಲ್ಲ, ನಿಜವಾದ ಅಪಾಯ. ಮೇಷ್ಟ್ರ ಬಲಗಾಲು ಮಡಿಲಿನಿಂದ ಎದ್ದಿತು. ಮೇಷ್ಟ್ರು ಅದನ್ನು ಎರಡು ಕೈಯಿಂದಲೂ ಹಿಡಿದರು. ಹಾವು ಹಿಡಿದವನಂತೆ ಪಾದವನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿದರು.

ಕಾರು ನಿಂತಿತು. ಕುಲುಕಲಿಲ್ಲ, ಕಿರುಚಲಿಲ್ಲ, ಗಾದಿಯ ಮೇಲೆ ಕೈಯಿಟ್ಟಂತೆ ನಿಂತಿತು. ಸೈಕಲ್ಲಿನವನು ಒಂದು ಕ್ಯಾನನ್ನು ಸರಿಮಾಡಿಕೊಂಡು ಕೈ ಬೀಸಿ ಹೋದ. ಗಂಟೆ ಬಡಿಯಲಿಲ್ಲ.

ಪಾಸು ಎಂದು ಬರೆದ ಕಾಗದವನ್ನು ಅಧಿಕಾರಿ ಆಕೆಯ ಕೈಗೆ ಕೊಟ್ಟರು. ಮೇಷ್ಟ್ರು ಕಾಲಿಗೆ ಜೋಮು ಹಿಡಿದು ಕುಂಟುತ್ತ ಅವರ ಬಳಿ ಹೋದರು. ಕಣ್ಣು ಮಿಟುಕಿಸಲಿಲ್ಲ. “ಸಾರ್, ಹೋದ ಸಲ ಒಂದು ಸುಳ್ಳು ಹೇಳಿದ್ದೆ. ಆವತ್ತು ಅವಳಿಗೆ ಮುಟ್ಟಾಗಿದ್ದು ನಿಜ. ಫೇಲ್ ಆಗಿದ್ದು ಅದರಿಂದಲ್ಲ, ನನ್ನ ಕಾಲಿಂದ.” ಮಾತು ಹೊರಬಿದ್ದದ್ದಕ್ಕೆ ಮೇಷ್ಟ್ರಿಗೇ ಅಚ್ಚರಿ. ಭೂಮಿಯೇನೂ ಬಾಯ್ಬಿಡಲಿಲ್ಲ.

“ಗಂಟೆ ಇರೋದೇ ಅದಕ್ಕಲ್ವೇನ್ರೀ,” ಎಂದರು ಅಧಿಕಾರಿ. “ನಮ್ಮ ಮನೆಯಲ್ಲೂ ಮೂವರು ಹೆಣ್ಣುಮಕ್ಕಳಿದ್ದಾರೆ. ಬೂಟು ಹಾಕ್ಕೊಳ್ಳಿ.”

ಮನೆಗೆ ಹೋಗುವಾಗಲೂ ಆಕೆಯೇ ಓಡಿಸಿದಳು. ಔಷಧಿ ಅಂಗಡಿಯ ಎದುರು ಸಾಲಿನಲ್ಲಿ ಕಾರು ನಿಲ್ಲಿಸಿ, ಪ್ಯಾಡು ಮುಗಿದಿದೆ, ತರ್ತೀನಿ ಎಂದು ಬಾಗಿಲಿಗೆ ಕೈ ಹಾಕಿದಳು. ಇವತ್ತು ನಾನು ಎಂದು ಮೇಷ್ಟ್ರು ಇಳಿದುಬಿಟ್ಟರು. ಕಂಬಕ್ಕೆ ಒರಗಲಿಲ್ಲ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರೂ ಎದೆಯುಬ್ಬಿಸಿಕೊಂಡು ಒಳಗೆ ಹೋದರು. ಒಂದು ನಿಮಿಷದಲ್ಲಿ ಮೆಟ್ಟಿಲ ಮೇಲೆ ಮತ್ತೆ ಕಾಣಿಸಿಕೊಂಡರು. ಒಂದೊಂದು ಕೈಯಲ್ಲಿ ಒಂದೊಂದು ಪ್ಯಾಕೆಟ್ಟು ಎತ್ತಿ ಹಿಡಿದು, ಬೀದಿಯ ಈ ಬದಿಗೆ ಕೇಳುವಂತೆ ಕೂಗಿದರು:

“ಪ್ಯಾಡು ದೊಡ್ಡದು ಬೇಕಾ, ಅದಕ್ಕಿಂತ ದೊಡ್ಡದು ಬೇಕಾ? ರೆಕ್ಕೆ ಇರೋದಾ, ಇಲ್ಲದ್ದಾ?”

ಬಸ್ಸಿಗೆ ಕಾಯುತ್ತಿದ್ದ ಹನ್ನೆರಡು ಜನ ಒಟ್ಟಿಗೆ ತಿರುಗಿ ಮೊದಲು ಮೇಷ್ಟ್ರನ್ನು, ಆಮೇಲೆ ಕಾರನ್ನು ನೋಡಿದರು. ಆಕೆ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಹೊಟ್ಟೆನೋವಿನ ಮೇಲೆ ನಗು ಸೇರಿ ಇನ್ನಷ್ಟು ನೋಯುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು:

“ಮೇಷ್ಟ್ರೇ, ಈಗ ಸ್ವಲ್ಪ ಬ್ರೇಕ್ ಹಾಕಿ.”