ಅರಿಶಿನದ ಪಾಲುದಾರನನ್ನು ನೋಡಲು ಹೋದದ್ದು

ಮಾವು ಹೂ ಬಿಟ್ಟಿದ್ದ ಕಾಲ. ಹೊಸೂರಿನಲ್ಲಿ ಇಡ್ಲಿ ತಿಂದು ನಾನೂ ನನ್ನ ಭಾವಮೈದ ನಂಜಪ್ಪನೂ ರಾಯಕೋಟೆ ಬಸ್ಸು ಹತ್ತಿದೆವು. ಅವನು ಗುಮ್ಮಳಾಪುರದ ಅರಿಶಿನದ ವ್ಯಾಪಾರಿ. ಕೃಷ್ಣಗಿರಿಯ ಮುನಿರಾಜಪ್ಪನವರು ವಾಯಿದೆ ವ್ಯಾಪಾರಕ್ಕೆ ಪಾಲುದಾರನಾಗು ಎಂದು ಅವನನ್ನು ಕರೆದಿದ್ದರು. ಕೂಡಿಟ್ಟ ಗಂಟೆಲ್ಲ ಅದಕ್ಕೇ ಹೋದೀತೆಂದು ಹೆದರಿದ ಅವನ ಹೆಂಡತಿ ನನ್ನನ್ನೂ ಹೊರಡಿಸಿದ್ದಳು.

"ವಾಯಿದೆ ಅಂದ್ರೇನ್ಲಾ?" ಎಂದು ಕೇಳಿದೆ. ಮುಂದಿನ ತಿಂಗಳುಗಳ ಅರಿಶಿನವನ್ನು ಇವತ್ತಿನ ಬೆಲೆಗೇ ಗೊತ್ತುಮಾಡಿ ಕೊಳ್ಳುವುದಂತೆ. ಪೂರ್ತಿ ಹಣ ಬೇಡ, ಒಂದು ಪಾಲು ಮುಂಗಡ ಇಟ್ಟರೆ ಸಾಕು. ಬೆಲೆ ಏರಿದರೆ ಲಾಭ. ಇಳಿದರೆ ನಷ್ಟವನ್ನು ಅಂದಂದೇ ತುಂಬಬೇಕು. ತುಂಬದಿದ್ದರೆ ದಲ್ಲಾಳಿಗಳು ನಮ್ಮನ್ನು ಕೇಳದೆಯೇ ಅದನ್ನು ಮಾರಿಬಿಡುತ್ತಾರೆ.

ನಮ್ಮ ಕಡೆ ಗಂಡು ನೋಡಲು ಹೊರಟವರು, ಆ ಮನೆಯೊಡನೆ ಮಾತು ಬಿಟ್ಟವರನ್ನು ಮೊದಲು ವಿಚಾರಿಸುತ್ತಾರೆ. ನಾವೂ ಹಾಗೇ ರಾಯಕೋಟೆಯಲ್ಲಿಳಿದು, ಹಿಂದೆ ಮುನಿರಾಜಪ್ಪನವರ ಪಾಲುದಾರರಾಗಿದ್ದು ಬಿಟ್ಟಿದ್ದ ತಿಮ್ಮರಾಯಪ್ಪನವರನ್ನು ಕಂಡೆವು. ಬೈಗುಳ ಕೇಳಲು ಸಿದ್ಧರಾಗಿದ್ದೆವು. ಅವರು ಎಳನೀರು ಕೊಟ್ಟು, ಲೆಕ್ಕದಲ್ಲಿ ಆತ ಅಪ್ಪಟ ಎಂದರು. ಮತ್ತೇಕೆ ಬಿಟ್ಟಿರಿ ಎಂದದ್ದಕ್ಕೆ ನಕ್ಕರು.

"ಕೆಟ್ಟ ಸುದ್ದಿ ಹೇಳಕ್ಕೆ ಅವ್ನಿಗೆ ಬಾಯೇ ಬರಲ್ಲ ಕಣಪ್ಪಾ. ಬೆಲೆ ಬಿದ್ ದಿನ ಫೋನ್ ಮಾಡ್ತಾನೆ, ಊಟ ಆಯ್ತಾ ಅಂತ ಕೇಳಿ ಇಟ್ಬುಡ್ತಾನೆ."

ಕೃಷ್ಣಗಿರಿಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನಂಜಪ್ಪ ಫೋನಿನಲ್ಲಿ ನೋಡಿದ. ಅರಿಶಿನ ಬೆಳಿಗ್ಗೆಯಿಂದ ಇಳಿಯುತ್ತಲೇ ಇತ್ತು. ಮುನಿರಾಜಪ್ಪನವರು ಆಗಲೇ ಬೇಕಾದಷ್ಟು ಕೊಂಡಿದ್ದರೆಂದು ಅವನಿಗೆ ಗೊತ್ತಿತ್ತು; ಇವತ್ತು ಅವರಿಗೆ ನಷ್ಟವೇ.

"ನಾವ್ ಬೆಲೆ ಮಾತೆತ್ತೋದ್ ಬ್ಯಾಡ ಭಾವ. ಅವ್ರೇ ಹೇಳ್ತಾರಾ ನೋಡಾನ," ಎಂದ.

ಮುನಿರಾಜಪ್ಪನವರು ಮನೆಯಲ್ಲಿ ಬಿಸಿ ಮುದ್ದೆ, ಹುರುಳಿಸಾರು ಬಡಿಸಿದರು. ಊಟದ ನಡುವೆ ಫೋನು ಬಂದಾಗಲೆಲ್ಲ ನೋಡಿ ಬೋರಲು ಹಾಕುತ್ತಿದ್ದರು. ಮಾವಿನ ಹೂವಿಗೆ ಬಿದ್ದ ಹುಳುವಿನ ಬಗ್ಗೆ ಮಾತಾಡಿದರು, ನನ್ನ ಮಂಡಿನೋವಿಗೆ ಎಣ್ಣೆ ಹೇಳಿದರು. ನನಗಂತೂ ಬಹಳ ಹಿಡಿಸಿದರು. ಹೊರಡುವಾಗ ನಂಜಪ್ಪ, "ಇನ್ನೇನಾದ್ರೂ ಹೇಳೋದೈತಾ ಅಣ್ಣಾ?" ಎಂದು ಕೇಳಿದ.

ಅವರು ಬಾಯಿ ತೆರೆದರು, ಅವನ ಮುಖ ನೋಡಿದರು. "ಬಿಸ್ಲು ಜಾಸ್ತಿ ಐತೆ. ಮಜ್ಜಿಗೆ ಕುಡ್ಕಂಡ್ ಹೋಗಿ," ಎಂದರು.

ಬಸ್ ನಿಲ್ದಾಣದವರೆಗೂ ಬಂದು, ಕಿಟಕಿಯೊಳಗೆ ಟವೆಲ್ ಎಸೆದು ನಮಗೆ ಸೀಟು ಹಿಡಿದುಕೊಟ್ಟರು. ನಂಜಪ್ಪ ಕುಳಿತವನೇ, "ಒಳ್ಳೇವ್ರು ಭಾವ. ಆದ್ರೆ ನಂಗಾಗಲ್ಲ. ಊರಿಗೋಗಿ ಫೋನ್ ಮಾಡ್ತೀನಿ," ಎಂದು ಪಿಸುಗುಟ್ಟಿದ.

"ಫೋನ್ ಮಾಡಿ ಊಟ ಆಯ್ತಾ ಅಂತೀಯೇನ್ಲಾ? ಇಳ್ದು ಹೇಳ್ಬುಟ್ ಬಾ."

ಅವನು ಇಳಿದ. ಕಿಟಕಿಯ ಕೆಳಗೆ ಹೇಳಿದ್ದು ನನಗೂ ಕೇಳಿಸಿತು: ಪಾಲು ಬೇಡ, ಯಾಕೆ ಬೇಡ ಎಂಬುದೂ. ಮುನಿರಾಜಪ್ಪನವರು ತಲೆ ತಗ್ಗಿಸಿ ಕೇಳಿದರು, ಅವನ ಕೈ ಹಿಡಿದು ಬಿಟ್ಟರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಜನರ ನಡುವೆ ನಿಂತು ಅವರು ಯಾರಿಗೋ ಫೋನು ಹಚ್ಚುತ್ತಿದ್ದರು. ಬೆಲೆ ಬಿದ್ದದ್ದನ್ನು ಹೇಳುತ್ತಾರೋ, ಊಟ ಆಯ್ತಾ ಅಂತ ಕೇಳಿ ಇಡುತ್ತಾರೋ, ತಿಳಿಯಲಿಲ್ಲ.