ಎಮ್ಮೆ, ಕಾಗೆ ಮತ್ತು ಹೊಸ ಅಳಿಯ

ಬಂಕಾಪುರದ ಹತ್ತಿರ ನಮ್ಮ ಬಸ್ಸು ಪಂಕ್ಚರಾಗಿ ನಿಂತಾಗ ಕಿಟಕಿಯಾಚೆ ಒಂದು ಎಮ್ಮೆ ಮಲಗಿತ್ತು. ಕಾಗೆಯೊಂದು ಅದರ ತಲೆಯ ಮೇಲೆ ಕೂತು ಕಿವಿಯೊಳಗೆ ಕೊಕ್ಕು ತೂರಿಸಿತ್ತು. ಎಮ್ಮೆ ಕಣ್ಣು ಮುಚ್ಚಿ ಕಿವಿಯನ್ನು ಇನ್ನಷ್ಟು ಅಗಲಿಸಿಕೊಟ್ಟಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಯಾಕೆಂದು ನಾನು ಕೇಳಲಿಲ್ಲ, ಗೊತ್ತಿತ್ತು. ನಿಮಗೆ ಮಾತ್ರ ಹೇಳಬೇಕು.

ಮದುವೆಯಾದ ಹೊಸತು. ಹುಲಗೂರಿನ ಮಾವನ ಮನೆಗೆ ಹೋಗಿದ್ದೆ. ನಮ್ಮ ಕಡೆ ಹೊಸ ಅಳಿಯ ಎಂಥ ಹುಚ್ಚಾಟ ಆಡಿದರೂ ಯಾರೂ ತಪ್ಪೆನ್ನುವಂತಿಲ್ಲ. ಹೆಂಡತಿಯಂತೂ ನನ್ನೊಡನೆ ಮಾತೇ ಆಡುತ್ತಿರಲಿಲ್ಲ. ಕೇಳಿದ್ದಕ್ಕೆ ‘ಹೂಂ’, ಇಲ್ಲವೇ ‘ಊಹೂಂ’. ಈಕೆಗೆ ನಾನು ಬೇಕೋ ಬೇಡವೋ ಎಂಬ ಚಿಂತೆ ಒಳಗೊಳಗೇ ಕೊರೆಯುತ್ತಿತ್ತು. ಅಷ್ಟರಲ್ಲಿ ಹಿತ್ತಲಲ್ಲಿ ಅವಳ ಮುದ್ದಿನ ಎಮ್ಮೆಯ ಕಿವಿ ಕುಕ್ಕುತ್ತಿದ್ದ ಕಾಗೆ ಕಣ್ಣಿಗೆ ಬಿತ್ತು. ಅವಳು ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮಹಾ ವೀರನಂತೆ ಕಲ್ಲು ಬೀಸಿದೆ.

“ಅಯ್ಯ, ನೀವ್ಯಾಕ ತ್ರಾಸ ತಗೋತೀರಿ? ಒಳಗ ಬಂದು ಕುಂದರ್ರಿ,” ಎಂದರು ಅತ್ತೆ.

ದಯವಿಟ್ಟು ನಿಲ್ಲಿಸಿ ಎಂದು ಅಳಿಯನಿಗೆ ಹೇಳುವ ರೀತಿಯೇ ಅದು. ನನಗೆ ಹೊಗಳಿಕೆಯಂತೆ ಕೇಳಿಸಿತು. ಮರುದಿನ ಕೋಲು ಹಿಡಿದು ಕಾವಲಿಗೇ ನಿಂತೆ. ಕಾಗೆ ಬರುವುದನ್ನು ಬಿಟ್ಟಿತು. ಎಮ್ಮೆ ಕಿವಿ ಬಡಿದುಕೊಂಡು, ಗೂಟಕ್ಕೆ ಮೈ ತಿಕ್ಕಿ, ಕೊನೆಗೆ ಹಾಲು ಹಿಂಡುವಾಗ ಚರಿಗೆಯನ್ನೇ ಒದ್ದು ಉರುಳಿಸಿತು. ಅತ್ತೆ ಕರೀ ಚಹಾ ತಂದಿಟ್ಟು, ಚೆಲ್ಲಿದ ಹಾಲಿನ ತಪ್ಪು ಅಳಿಯನ ಮೇಲೆ ಬರಬಾರದೆಂದು, “ಹಾಲ ಒಡದಾವ್ರಿ,” ಎಂದರು.

ಆಗ ಹೆಂಡತಿ ನೇರ ನನ್ನ ಮುಂದೆ ಬಂದು ನಿಂತಳು. “ಕಾಗಿ ಹೊಡೀಬ್ಯಾಡ್ರಿ! ಅದು ಉಣ್ಣಿ ಆರಿಸಿ ತಿಂತೈತಿ, ಎಮ್ಮಿಗೆ ಆರಾಮ ಅನಸ್ತೈತಿ. ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?”

ತಾನಾಗಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು.

ನಿಂತ ಬಸ್ಸಿನಲ್ಲಿ ಯೋಚನೆಗೆ ಬರವಿಲ್ಲ. ಯಾವ ಕಾಲದಲ್ಲೋ ಹಸಿದ ಹಕ್ಕಿಯೊಂದು ತನ್ನ ಹೊಟ್ಟೆಪಾಡಿಗೆ ಯಾವುದೋ ದೊಡ್ಡ ಪ್ರಾಣಿಯ ಬೆನ್ನೇರಿರಬೇಕು. ಅದನ್ನು ಕೊಡವಿದ ಪ್ರಾಣಿಗೆ ರಕ್ತ ಹೀರುವ ಉಣ್ಣೆಗಳೇ ಉಳಿದವು. ತಡೆದುಕೊಂಡದ್ದು ಗಟ್ಟಿಯಾಗಿ ಬಾಳಿ ಹೆಚ್ಚು ಕರು ಹಾಕಿರಬೇಕು. ಹೆದರದ ಹಕ್ಕಿಯ ಮರಿಗಳಿಗೂ ಹೊಟ್ಟೆ ತುಂಬಿರಬೇಕು. ತಲೆಮಾರುಗಟ್ಟಲೆ ಹೀಗೇ ನಡೆದು ಒಂದಕ್ಕೆ ತಾಳ್ಮೆ ಗುಣವಾಯಿತು, ಇನ್ನೊಂದಕ್ಕೆ ಸಲಿಗೆ. ಉಪಕಾರ ಮಾಡುತ್ತೇನೆಂದು ಎರಡೂ ಹೊರಟಿರಲಿಲ್ಲ. ಹಾಗೆ ಹೊರಟವನು ಆ ಹಿತ್ತಲಲ್ಲಿ ನಾನೊಬ್ಬನೇ.

ಎಮ್ಮೆಗೂ ಲಾಭ, ಕಾಗೆಗೂ ಲಾಭ ಸರಿ; ಇಷ್ಟು ವರ್ಷ ನನ್ನಿಂದ ಇವಳಿಗೇನು ಸಿಕ್ಕಿತು? ಹಳೆಯ ಅಳುಕು ಮತ್ತೆ ತಲೆಯೆತ್ತಿತು. ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ನಮ್ಮಿಬ್ಬರೊಳಗ ನಾ ಯಾರು? ಎಮ್ಮಿನೋ, ಕಾಗಿನೋ?”

“ಎರಡೂ ಅಲ್ರಿ. ಉಣ್ಣಿ.”

ಹಿಂದಿನ ಸೀಟಿನವರೂ ನಕ್ಕರು. ನಾನೂ ನಕ್ಕೆ, ಒಳಗೆ ಸ್ವಲ್ಪ ನೊಂದುಕೊಂಡೇ. ಬಸ್ಸು ಹೊರಟ ಮೇಲೆ ಅವಳು ನನ್ನ ಕಡೆ ವಾಲಿ ದನಿ ತಗ್ಗಿಸಿದಳು.

“ಮದುವಿ ಆದಾಗಿಂದ ನಿಮ್ಮ ಜೋಡಿ ಮಾತಾಡಬೇಕು ಅಂತಿದ್ನಿ. ಏನಂತ ಸುರು ಮಾಡೂದು ತಿಳೀತಿದ್ದಿಲ್ಲ. ನೀವು ಆ ಕಲ್ಲ ಒಗೀಲಿಲ್ಲಂದ್ರ, ಇನ್ನೂ ಸುಮ್ನ ಇರ್ತಿದ್ನೇನೋ.”